ಚಳಿಗಾಲದ ಒಂದು ಪತ್ರ: ಇಸ್ಲಾಮೀ ಆಸ್ಪತ್ರೆಗಳ ಇತಿಹಾಸದಲ್ಲಿ ಲೆಕ್ಕಪತ್ರದ ಸ್ಥಾನ

ಇಸ್ಲಾಮೀ ನಾಗರಿಕತೆಯ ಆಸ್ಪತ್ರೆಗಳ ಕುರಿತು ಮಾತು ಬಂದಾಗಲೆಲ್ಲ ನಮ್ಮ ಭಾಷಣಗಳಲ್ಲಿಯೂ ಬರಹಗಳಲ್ಲಿಯೂ ಕೆಲವು ಹೆಸರುಗಳು ತಪ್ಪದೆ ಕೇಳಿಬರುತ್ತವೆ. ಅಬೂಬಕರ್ ರಾಝಿ, ಇಬ್ನ್ ಸೀನಾ, ಇಬ್ನ್ ನಫೀಸ್ ಮುಂತಾದ ಮಹಾನ್ ವೈದ್ಯರನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆಸ್ಪತ್ರೆಗಳನ್ನು ಕಟ್ಟಿಸಿದ ಸುಲ್ತಾನರನ್ನೂ ಮರೆಯುವುದಿಲ್ಲ. ಆದರೆ ಆ ಆಸ್ಪತ್ರೆಗಳಲ್ಲಿ ಪ್ರತಿದಿನ ಒಲೆ ಉರಿಯುವಂತೆ, ಔಷಧದ ಕೋಣೆ ಬರಿದಾಗದಂತೆ, ವೈದ್ಯರ ವೇತನ ತಡವಾಗದಂತೆ ನೋಡಿಕೊಂಡವರು ಯಾರು? ವಕ್ಫ್ ಅಂಗಡಿಗಳ ಬಾಡಿಗೆ ವಸೂಲು ಮಾಡಿ, ಬಂದುದನ್ನೂ ಹೋದುದನ್ನೂ ಬರೆದಿಟ್ಟು, ಉಳಿದ ಬಾಕಿಯನ್ನು ಒಪ್ಪಿಸಿದ ಗುಮಾಸ್ತರು, ಲೆಕ್ಕಿಗರು, ಮೇಲ್ವಿಚಾರಕರು ಯಾರು? ಅವರಲ್ಲಿ ಬಹುತೇಕರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಆದರೂ ಅವರ ಕೆಲಸವಿಲ್ಲದೆ ಒಂದು ಆಸ್ಪತ್ರೆಯೂ ನಡೆದಿಲ್ಲ.

ಇಂದು ನಮ್ಮ ಅನೇಕ ಜಮಾಅತ್‌ಗಳೂ ಸಂಘಸಂಸ್ಥೆಗಳೂ ವೈದ್ಯಕೀಯ ಸೇವೆಗೆ ಕೈಹಾಕಿವೆ. ಉಚಿತ ಶಿಬಿರ, ಆಂಬುಲೆನ್ಸ್, ಡಯಾಲಿಸಿಸ್‌ಗೆ ನೆರವು, ಬಡರೋಗಿಗಳ ಔಷಧ ವೆಚ್ಚ ಎಂದು ಹಲವು ರೀತಿಯಲ್ಲಿ ಹಣ ಸಂಗ್ರಹವಾಗುತ್ತಿದೆ, ಖರ್ಚಾಗುತ್ತಿದೆ. ಇಂತಹ ಸಮಯದಲ್ಲಿ ಆ ಮರೆತುಹೋದ ಲೆಕ್ಕಿಗರ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಅಗತ್ಯವೆಂದು ತೋರುತ್ತದೆ. ಲೆಕ್ಕ ಬರೆಯುವುದು ಸೇವೆಯ ಹೊರಗಿನ ಕೆಲಸವಲ್ಲ, ಅದು ಸೇವೆಯದೇ ಒಂದು ಅಂಗ ಎಂಬುದನ್ನು ಈ ಇತಿಹಾಸ ನಮಗೆ ಕಲಿಸುತ್ತದೆ.

ಅಡಿಪಾಯ

ಈ ದೃಷ್ಟಿಕೋನದ ಮೂಲ ಪವಿತ್ರ ಕುರ್‌ಆನಿನಲ್ಲಿದೆ. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದು? ಸೂರಃ ಅಲ್‌ಬಕರದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಲು ನಿರಾಕರಿಸಬಾರದು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂದು ಅಲ್ಲಾಹನು ಅಲ್ಲಿ ಆಜ್ಞಾಪಿಸಿರುವನು. ಅಷ್ಟೇ ಅಲ್ಲ, ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದೆಂದೂ ಎಚ್ಚರಿಸಿರುವನು.

ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಭಂಡಾರಗಳ ಹೊಣೆಯನ್ನು ತಮಗೆ ಒಪ್ಪಿಸುವಂತೆ ಕೇಳಿದಾಗ ತಮ್ಮ ಎರಡು ಅರ್ಹತೆಗಳನ್ನು ಮುಂದಿಟ್ಟರು. ಒಂದು, ತಾವು ಕಾಪಾಡುವವರು. ಎರಡು, ತಾವು ಬಲ್ಲವರು. ಪ್ರಾಮಾಣಿಕತೆ ಮಾತ್ರ ಇದ್ದು ಜ್ಞಾನವಿಲ್ಲದಿದ್ದರೆ ಭಂಡಾರ ಉಳಿಯದು. ಜ್ಞಾನವಿದ್ದು ಪ್ರಾಮಾಣಿಕತೆ ಇಲ್ಲದಿದ್ದರೂ ಉಳಿಯದು. ಬರಗಾಲದ ಏಳು ವರ್ಷಗಳಲ್ಲಿ ಒಂದು ನಾಡಿನ ಜನರು ಅನ್ನ ಕಂಡದ್ದು ಈ ಎರಡೂ ಗುಣಗಳು ಒಬ್ಬರಲ್ಲಿ ಕೂಡಿದ್ದರಿಂದ.

ಇನ್ನು ಸೂರಃ ಅತ್ತೌಬದ 60ನೆಯ ಸೂಕ್ತದಲ್ಲಿ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುವಾಗ, ಫಕೀರರು ಮತ್ತು ಮಿಸ್ಕೀನರ ನಂತರ ಮೂರನೆಯ ಸ್ಥಾನದಲ್ಲಿಯೇ ಅದನ್ನು ಸಂಗ್ರಹಿಸಿ ನಿರ್ವಹಿಸುವ ಕಾರ್ಯಕರ್ತರ ಹೆಸರು ಬರುತ್ತದೆ. ಬಡವನ ಪಾಲು ಬಡವನಿಗೆ ತಲುಪಬೇಕಾದರೆ ನಡುವೆ ಒಬ್ಬ ದುಡಿಯಬೇಕು, ಅವನ ದುಡಿಮೆಗೆ ಪ್ರತಿಫಲ ಇರಬೇಕು ಎಂಬುದು ಇದರ ತಾತ್ಪರ್ಯ.

ಅದೇ ಸಂದರ್ಭದಲ್ಲಿ ಕಟ್ಟುನಿಟ್ಟಿನ ಲೆಕ್ಕವೂ ಇತ್ತು. ಪ್ರವಾದಿ ಮುಹಮ್ಮದ್(ಸ) ಝಕಾತ್ ಸಂಗ್ರಹಿಸಲು ಕಳುಹಿಸಿದ್ದ ಇಬ್ನ್ ಲುತ್‌ಬಿಯ್ಯ ಎಂಬವರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಎರಡು ಪಾಲು ಮಾಡಿದರು. ಆಗ ಪ್ರವಾದಿಯವರು(ಸ) ಮಿಂಬರ್ ಏರಿ, ಆ ವ್ಯಕ್ತಿ ತನ್ನ ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆಗಳು ಅವನಿಗೆ ಬರುತ್ತಿದ್ದವೇ ಎಂದು ಜನರ ಮುಂದೆಯೇ ಪ್ರಶ್ನಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾದ ಈ ಘಟನೆ ಸಾರ್ವಜನಿಕ ಹಣದ ಲೆಕ್ಕಪರಿಶೋಧನೆಗೆ ಮಾದರಿಯಾಗಿದೆ.

ಉಮರ್(ರ) ಖೈಬರ್‌ನಲ್ಲಿ ತಮಗೆ ದೊರೆತ ಜಮೀನನ್ನು ಪ್ರವಾದಿಯವರ(ಸ) ಸಲಹೆಯಂತೆ ವಕ್ಫ್ ಮಾಡಿದಾಗ ಅದನ್ನು ಮಾರಬಾರದು, ದಾನವಾಗಿ ಕೊಡಬಾರದು, ವಾರಸುದಾರರಿಗೆ ಹಂಚಬಾರದು ಎಂದು ಷರತ್ತು ವಿಧಿಸಿದರು. ಜೊತೆಗೆ ಅದನ್ನು ನೋಡಿಕೊಳ್ಳುವವನು ಅದರಿಂದ ಮರ್ಯಾದೆಯ ಮಿತಿಯಲ್ಲಿ ಉಣ್ಣಬಹುದು, ಆದರೆ ಸಂಪತ್ತು ಕೂಡಿಹಾಕಬಾರದು ಎಂದೂ ಸೇರಿಸಿದರು. ನಿರ್ವಾಹಕನ ವೇತನಕ್ಕೆ ಅನುಮತಿಯೂ ಅದರ ಮಿತಿಯೂ ಒಂದೇ ವಾಕ್ಯದಲ್ಲಿ ಬಂದಿರುವುದನ್ನು ಗಮನಿಸಬೇಕು. ಮುಂದಿನ ಶತಮಾನಗಳ ಆಸ್ಪತ್ರೆಗಳೆಲ್ಲ ನಿಂತದ್ದು ಈ ವಕ್ಫ್ ವ್ಯವಸ್ಥೆಯ ಮೇಲೆಯೇ.

ಬಗ್ದಾದಿನ ಚಳಿಗಾಲ

ಪ್ರವಾದಿಯವರ(ಸ) ಕಾಲದಲ್ಲಿ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರಿಗಾಗಿ(ರ) ಮಸೀದಿಯಲ್ಲಿಯೇ ಡೇರೆ ಹಾಕಲಾಗಿತ್ತು. ಗಾಯಾಳುಗಳ ಆರೈಕೆಯಲ್ಲಿ ನಿಪುಣೆಯಾಗಿದ್ದ ರುಫೈದಾ(ರ) ಅವರ ಹೆಸರು ಈ ಸಂದರ್ಭದಲ್ಲಿ ಪ್ರಸಿದ್ಧವಾಗಿದೆ. ಆ ಒಂದು ಡೇರೆಯಿಂದ ಆರಂಭವಾದ ಆರೈಕೆಯ ಪರಂಪರೆ ಮೂರು ಶತಮಾನಗಳ ಒಳಗೆ ಬಗ್ದಾದಿನಲ್ಲಿ ದೊಡ್ಡ ಆಸ್ಪತ್ರೆಗಳ ರೂಪ ತಾಳಿತು. ಅವುಗಳನ್ನು ಪಾರ್ಸಿ ಭಾಷೆಯ ಪದದಿಂದ ‘ಬೀಮಾರಿಸ್ತಾನ್’ ಎಂದು ಕರೆಯುತ್ತಿದ್ದರು. ಬೀಮಾರ್ ಎಂದರೆ ರೋಗಿ ಎಂಬುದು ಉರ್ದು ಬಲ್ಲ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಅಬ್ಬಾಸಿ ಖಲೀಫ ಮುಕ್ತದಿರ್ ಕ್ರಿ.ಶ. 908ರಿಂದ 932ರ ವರೆಗೆ ಆಳಿದನು. ಅವನ ವಝೀರರಲ್ಲಿ ಅಲಿ ಬಿನ್ ಈಸಾ ಎಂಬವರು ಮಿತವ್ಯಯಕ್ಕೂ ಧರ್ಮನಿಷ್ಠೆಗೂ ಹೆಸರಾದವರು. ವಕ್ಫ್ ಆದಾಯದ ನಿರ್ವಹಣೆಗೆಂದೇ ‘ದೀವಾನುಲ್ ಬಿರ್ರ್’, ಅಂದರೆ ಪುಣ್ಯಕಾರ್ಯಗಳ ಇಲಾಖೆ, ಎಂಬ ಪ್ರತ್ಯೇಕ ಕಚೇರಿಯನ್ನು ತೆರೆದವರು ಅವರೇ. ಆ ಕಾಲದ ಆಸ್ಪತ್ರೆಗಳ ಮುಖ್ಯಸ್ಥರು ವೈದ್ಯ ಸಿನಾನ್ ಬಿನ್ ಸಾಬಿತ್. ಸೆರೆಮನೆಗಳಲ್ಲಿರುವವರು ಕಷ್ಟದ ಪರಿಸ್ಥಿತಿಯಲ್ಲಿರುವುದರಿಂದ ಅವರಿಗೂ ಕಾಯಿಲೆ ಬರುವುದು ಸಹಜ, ಆದ್ದರಿಂದ ಪ್ರತಿದಿನ ವೈದ್ಯರು ಔಷಧಗಳೊಂದಿಗೆ ಅಲ್ಲಿಗೆ ಹೋಗಬೇಕು ಎಂದು ವಝೀರರು ಸಿನಾನ್‌ರಿಗೆ ಬರೆದರು. ವೈದ್ಯರಿಲ್ಲದ ಹಳ್ಳಿಗಳಿಗೆ ಔಷಧ ಭಂಡಾರದೊಂದಿಗೆ ವೈದ್ಯರ ತಂಡವನ್ನು ಕಳುಹಿಸಲೂ ಆಜ್ಞಾಪಿಸಿದರು. ಇಂದಿನ ಸಂಚಾರಿ ಚಿಕಿತ್ಸಾಲಯಗಳನ್ನು ನೆನಪಿಸುವ ವ್ಯವಸ್ಥೆ ಅದು.

ಸಿನಾನ್‌ರ ಮಗ, ಇತಿಹಾಸಕಾರ ಸಾಬಿತ್, ದಾಖಲಿಸಿರುವ ಒಂದು ಘಟನೆ ನಮ್ಮ ವಿಷಯಕ್ಕೆ ಕನ್ನಡಿ ಹಿಡಿದಂತಿದೆ. ಬಗ್ದಾದಿನ ಮುಖರ್ರಿಮ್ ಎಂಬ ಮೊಹಲ್ಲಾದಲ್ಲಿ ಒಂದು ಆಸ್ಪತ್ರೆಯಿತ್ತು. ಖಲೀಫ ಮುತವಕ್ಕಿಲ್‌ನ ತಾಯಿ ಮಾಡಿದ್ದ ವಕ್ಫ್‌ನ ಆದಾಯದಿಂದ ಅದರ ಖರ್ಚು ನಡೆಯುತ್ತಿತ್ತು. ಅದೇ ಆದಾಯದ ಇನ್ನೊಂದು ಪಾಲು ಬನೂ ಹಾಶಿಮ್ ಮನೆತನದವರಿಗೆ ಸಲ್ಲಬೇಕಿತ್ತು. ವಕ್ಫ್‌ನ ನಿರ್ವಾಹಕ ಅಬೂ ಸಕ್ರ್ ಪ್ರಭಾವಶಾಲಿಗಳಾದ ಆ ಮನೆತನದವರ ಪಾಲನ್ನು ಬೇಗನೆ ಕೊಟ್ಟುಬಿಡುತ್ತಿದ್ದನು. ಆಸ್ಪತ್ರೆಯ ಪಾಲನ್ನು ಮಾತ್ರ ಮುಂದೂಡುತ್ತಿದ್ದನು. ಚಳಿಗಾಲ ಬಂತು. ಆಸ್ಪತ್ರೆಯಲ್ಲಿ ಇದ್ದಿಲಿಲ್ಲ, ಸಾಕಷ್ಟು ಆಹಾರವಿಲ್ಲ, ಹೊದಿಕೆಗಳಿಲ್ಲ. ಸಿನಾನ್ ಈ ಸ್ಥಿತಿಯನ್ನು ವಝೀರರಿಗೆ ಬರೆದು ತಿಳಿಸಿದರು.

ಅಲಿ ಬಿನ್ ಈಸಾ ಆ ಪತ್ರದ ಬೆನ್ನ ಮೇಲೆಯೇ ನಿರ್ವಾಹಕನಿಗೆ ಆದೇಶ ಬರೆದರು. ಆಸ್ಪತ್ರೆಯಲ್ಲಿ ಆಶ್ರಯ ಪಡೆದವರ ದೌರ್ಬಲ್ಯವನ್ನು ನೋಡಿದರೆ ಅವರ ಪಾಲಿಗೇ ಮೊದಲ ಆದ್ಯತೆ ಸಲ್ಲಬೇಕು. ಹಿಂದಿನ ತಿಂಗಳುಗಳಲ್ಲಿ, ವಿಶೇಷವಾಗಿ ಈ ಕಡು ಚಳಿಯ ಸಮಯದಲ್ಲಿ, ಹಣ ಏಕೆ ಕಡಿಮೆಯಾಯಿತೆಂದು ತಿಳಿಸಬೇಕು. ಯಾವ ರೀತಿಯಿಂದಾದರೂ ಹಣ ಹೊಂದಿಸಿ ರೋಗಿಗಳು, ಬುದ್ಧಿಭ್ರಮಣೆಯಾದವರು ಬೆಚ್ಚಗಿರುವಂತೆ ಹೊದಿಕೆ, ಬಟ್ಟೆ, ಇದ್ದಿಲು ಒದಗಿಸಬೇಕು. ಅವರ ಆಹಾರವೂ ಚಿಕಿತ್ಸೆಯೂ ನಿಲ್ಲಬಾರದು ಎಂಬುದು ಅದರ ಸಾರಾಂಶ.

ಇಲ್ಲಿ ವಕ್ಫ್‌ನ ಹಣ ಕಳವಾಗಿತ್ತೆಂದು ಸಾಬಿತ್ ಹೇಳಿಲ್ಲ. ಹಣ ತಡವಾಯಿತು, ಅಷ್ಟೇ. ಯಾರಿಗೆ ಮೊದಲು ಕೊಡಬೇಕು, ಯಾರಿಗೆ ನಂತರ ಎಂಬ ನಿರ್ಧಾರ ಕಚೇರಿಯೊಂದರಲ್ಲಿ ತಪ್ಪಾಯಿತು. ಅದರ ಫಲವನ್ನು ಅನುಭವಿಸಿದವರು ಹಾಸಿಗೆ ಹಿಡಿದ ರೋಗಿಗಳು. ಸಿನಾನ್ ತಮ್ಮ ಕಾಲದ ಶ್ರೇಷ್ಠ ವೈದ್ಯರಾಗಿದ್ದರೂ ಅವರ ವಿದ್ಯೆಯಿಂದ ಆ ಚಳಿಯನ್ನು ಓಡಿಸಲು ಆಗಲಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಸಮಯಕ್ಕೆ ಬಿಡುಗಡೆಯಾದ ಹಣ.

ಇನ್ನೊಂದು ಸಂಗತಿಯನ್ನೂ ಇದರೊಂದಿಗೆ ಓದಬೇಕು. ಹಿಜರಿ 306ರಲ್ಲಿ (ಕ್ರಿ.ಶ. 918) ಖಲೀಫನ ತಾಯಿಯ ಹೆಸರಿನಲ್ಲಿ ಸಿನಾನ್ ಹೊಸ ಆಸ್ಪತ್ರೆಯೊಂದನ್ನು ಆರಂಭಿಸಿದರು. ಅದರ ತಿಂಗಳ ವೆಚ್ಚ 600 ದೀನಾರ್. ಆದರೆ ಆ ಹಣ ಖರ್ಚಾಗುತ್ತಿದ್ದುದು ಯೂಸುಫ್ ಬಿನ್ ಯಹ್ಯಾ ಎಂಬವರ ಕೈಯಿಂದ. ಏಕೆಂದರೆ ಸಿನಾನ್ ಆಸ್ಪತ್ರೆಯ ಖರ್ಚುವೆಚ್ಚದಲ್ಲಿ ತಾವು ಕೈಹಾಕುತ್ತಿರಲಿಲ್ಲ. ಚಿಕಿತ್ಸೆ ಒಬ್ಬರ ಹೊಣೆ, ಹಣ ಇನ್ನೊಬ್ಬರ ಹೊಣೆ. ಬೇಡಿಕೆ ಇಡುವವನೂ ಹಣ ಕೊಡುವವನೂ ಒಬ್ಬನೇ ಆಗಿರಬಾರದೆಂದು ಇಂದಿನ ಲೆಕ್ಕಶಾಸ್ತ್ರ ಕಲಿಸುವ ನಿಯಮದ ಆಚರಣೆಯನ್ನು ನಾವು ಹತ್ತನೆಯ ಶತಮಾನದ ಬಗ್ದಾದಿನಲ್ಲಿ ಕಾಣುತ್ತೇವೆ.

ದಫ್ತರದ ಮಾತುಗಳು

ಅದೇ ಶತಮಾನದ ಉತ್ತರಾರ್ಧದಲ್ಲಿ ಅಬೂ ಅಬ್ದಿಲ್ಲಾಹ್ ಖ್ವಾರಿಝ್ಮಿ ಎಂಬ ವಿದ್ವಾಂಸರು ‘ಮಫಾತೀಹುಲ್ ಉಲೂಮ್’ ಎಂಬ ಗ್ರಂಥ ರಚಿಸಿದರು. ಬೀಜಗಣಿತದ ಖ್ವಾರಿಝ್ಮಿ ಬೇರೆ, ಇವರು ಬೇರೆ. ಸರಕಾರಿ ಕಚೇರಿಗಳ ಲೆಕ್ಕದ ಪುಸ್ತಕಗಳ ಹೆಸರುಗಳನ್ನು ಇವರು ಅರ್ಥಸಹಿತ ವಿವರಿಸಿದ್ದಾರೆ. ಪ್ರತಿದಿನದ ವ್ಯವಹಾರ ಬರೆಯುವ ಪುಸ್ತಕ ‘ರೂಝ್‌ನಾಮಜ್’. ತಿಂಗಳ ಕೊನೆಯಲ್ಲಿ ಆದಾಯ, ಖರ್ಚು, ಉಳಿಕೆಗಳನ್ನು ತೋರಿಸಿ ಒಪ್ಪಿಸುವ ತಖ್ತೆ ‘ಖತ್ಮಾ’. ಹಣ ಪಡೆದದ್ದಕ್ಕೆ ಖಜಾನೆಯವನು ಕೊಡುವ ಚೀಟಿ ‘ಬರಾಅತ್’. ಅಂದರೆ ದಿನವಹಿ, ಮಾಸಿಕ ತಖ್ತೆ, ರಸೀದಿ ಈ ಮೂರೂ ಆಗಲೇ ರೂಢಿಯಲ್ಲಿದ್ದವು.

ಕನ್ನಡಿಗರಾದ ನಮಗೆ ಈ ಲೋಕ ಅಪರಿಚಿತವೇನಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಖಜಾನೆ, ದಫ್ತರ, ಅಸಲು, ನಕಲು, ಹಾಜರಿ, ತಾರೀಖು, ಗುಮಾಸ್ತ ಎಂಬ ಪದಗಳೆಲ್ಲ ಅರಬಿ ಮತ್ತು ಪಾರ್ಸಿ ಮೂಲದಿಂದ ನಮ್ಮ ಭಾಷೆಗೆ ಬಂದು ನೆಲೆಸಿದವು. ಯಾವ ಧರ್ಮದ ಕನ್ನಡಿಗನೇ ಆಗಲಿ, ಅಂಗಡಿಯ ಲೆಕ್ಕ ಹೇಳುವಾಗ ಈ ಪದಗಳಿಲ್ಲದೆ ಮಾತು ಮುಂದುವರಿಸುವುದು ಕಷ್ಟ. ಶತಮಾನಗಳ ಕಾಲ ದಫ್ತರಗಳಲ್ಲಿ ಕುಳಿತು ಬರೆದವರು ನಮಗೆ ಬಿಟ್ಟುಹೋದ ಆಸ್ತಿ ಇದು.

ದಮಸ್ಕಸ್ ಮತ್ತು ಕೈರೋ

ಬಗ್ದಾದಿನ ಈ ಕ್ರಮ ಮುಂದೆ ಸಿರಿಯಾ ಮತ್ತು ಈಜಿಪ್ಟಿನ ಆಸ್ಪತ್ರೆಗಳಲ್ಲಿಯೂ ಕಾಣಿಸುತ್ತದೆ. ಸುಲ್ತಾನ್ ನೂರುದ್ದೀನ್ ಝಂಗಿ ಕ್ರಿ.ಶ. 1154ರಲ್ಲಿ ದಮಸ್ಕಸ್‌ನಲ್ಲಿ ಕಟ್ಟಿಸಿದ ಆಸ್ಪತ್ರೆಯನ್ನು ಸ್ಪೇನಿನ ಪ್ರವಾಸಿ ಇಬ್ನ್ ಜುಬೈರ್ 1184ರಲ್ಲಿ ಕಂಡರು. ಅದರ ದಿನದ ವೆಚ್ಚ ಸುಮಾರು 15 ದೀನಾರ್ ಎಂದು ಅವರು ಬರೆದಿದ್ದಾರೆ. ಅಲ್ಲಿನ ಮೇಲ್ವಿಚಾರಕರ ಕೈಯಲ್ಲಿ ದಾಖಲೆ ಪುಸ್ತಕಗಳಿದ್ದವು. ಅವುಗಳಲ್ಲಿ ರೋಗಿಗಳ ಹೆಸರುಗಳೂ ಅವರವರ ಔಷಧ ಮತ್ತು ಆಹಾರಕ್ಕೆ ಬೇಕಾದ ವೆಚ್ಚವೂ ನಮೂದಾಗಿದ್ದವು. ವೈದ್ಯರು ಪ್ರತಿದಿನ ಮುಂಜಾನೆ ಬಂದು ರೋಗಿಗಳನ್ನು ನೋಡಿ ಅವರಿಗೆ ತಕ್ಕ ಔಷಧ ಮತ್ತು ಪಥ್ಯವನ್ನು ಸೂಚಿಸುತ್ತಿದ್ದರು. ಇಬ್ನ್ ಜುಬೈರ್ ಸ್ವತಃ ಗ್ರನಾಡದ ಆಡಳಿತಗಾರನ ಬಳಿ ಕಾತಿಬ್, ಅಂದರೆ ಕಚೇರಿಯ ಬರಹಗಾರ, ಆಗಿದ್ದವರು. ಬೇರೆ ಪ್ರವಾಸಿಗರ ಕಣ್ಣಿಗೆ ಗುಮ್ಮಟಗಳು ಬಿದ್ದರೆ ಅವರ ಕಣ್ಣಿಗೆ ಈ ಪುಸ್ತಕಗಳು ಬಿದ್ದವು.

ಆ ಪುಸ್ತಕದಲ್ಲಿ ರೋಗಿಯ ಹೆಸರಿತ್ತು ಎಂಬುದು ಸಣ್ಣ ಮಾತಲ್ಲ. ಹೆಸರು ಬರೆದುಕೊಂಡ ಮೇಲೆ ಅವನ ಪಾಲಿನ ಔಷಧವನ್ನು ಇನ್ನೊಬ್ಬರಿಗೆ ತಿರುಗಿಸುವುದು ಸುಲಭವಲ್ಲ. ಅವನ ಆಹಾರ ಬಂತೇ ಇಲ್ಲವೇ ಎಂದು ಕೇಳಲು ಆಧಾರವಿರುತ್ತದೆ. ಕಾಗದದ ಮೇಲಿನ ಆ ಒಂದು ಸಾಲು ದುರ್ಬಲನ ಹಕ್ಕಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಈ ದಮಸ್ಕಸ್ ಆಸ್ಪತ್ರೆಯ ಔಷಧದಿಂದಲೇ ಗುಣಮುಖನಾದ ಮಮ್ಲೂಕ್ ನಾಯಕ ಕಲಾವೂನ್, ತಾನು ಅಧಿಕಾರಕ್ಕೆ ಬಂದರೆ ಇಂತಹದೇ ಆಸ್ಪತ್ರೆ ಕಟ್ಟಿಸುವೆನೆಂದು ಹರಕೆ ಹೊತ್ತನೆಂದು ಇತಿಹಾಸಕಾರರು ಬರೆದಿದ್ದಾರೆ. ಸುಲ್ತಾನನಾದ ಮೇಲೆ 1284ರಲ್ಲಿ ಅವನು ಕೈರೋದಲ್ಲಿ ಮನ್ಸೂರೀ ಬೀಮಾರಿಸ್ತಾನವನ್ನು ಕಟ್ಟಿಸಿದನು. ಬಡವ ಬಲ್ಲಿದ, ಗಂಡು ಹೆಣ್ಣು, ಊರವ ಪರವೂರವ ಎಂಬ ಭೇದವಿಲ್ಲದೆ ಎಲ್ಲರಿಗೂ ಅದು ತೆರೆದಿತ್ತು. ಅದರ ಹಾಗೂ ಅದರೊಂದಿಗಿದ್ದ ಮದ್ರಸ, ಸಮಾಧಿ, ಅನಾಥ ಮಕ್ಕಳ ಪಾಠಶಾಲೆಗಳ ಖರ್ಚಿಗೆಂದು ಬಿಟ್ಟ ವಕ್ಫ್ ಆಸ್ತಿಗಳ ವಾರ್ಷಿಕ ಆದಾಯ ಸುಮಾರು 10 ಲಕ್ಷ ದಿರ್ಹಮ್ ಎಂದು ಇತಿಹಾಸಕಾರ ಮಕ್ರೀಝಿ ತಿಳಿಸಿದ್ದಾರೆ. ಈ ವಕ್ಫ್‌ನ ದಸ್ತಾವೇಜಿನಲ್ಲಿ ಏನೆಲ್ಲ ಇದೆಯೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ರೋಗಿಗಳು ಬೇಸಿಗೆಯಲ್ಲಿ ಬಳಸಲು ಖರ್ಜೂರದ ಗರಿಯ ಬೀಸಣಿಗೆಗಳು, ಆಹಾರ ಕೊಂಡೊಯ್ಯುವಾಗ ಮೇಲೆ ಮುಚ್ಚುವ ಗರಿಯ ಮುಚ್ಚಳಗಳು, ಮನೆಯಲ್ಲಿಯೇ ಮಲಗಿರುವ ಬಡರೋಗಿಗೆ ಕಳುಹಿಸುವ ಔಷಧ, ಆಸ್ಪತ್ರೆಯಲ್ಲಿ ಮೃತರಾದವರ ಕಫನ್ ಮತ್ತು ದಫನ್, ಇವೆಲ್ಲಕ್ಕೂ ಖರ್ಚು ಮಾಡಲು ಅದರಲ್ಲಿ ಅವಕಾಶ ಬರೆದಿಡಲಾಗಿತ್ತು. ಬೀಸಣಿಗೆಯನ್ನೂ ನೆನಪಿಟ್ಟುಕೊಂಡ ಬಜೆಟ್ ಅದು.

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಈ ಆಸ್ಪತ್ರೆಯ ಹಣಕಾಸನ್ನು ನೋಡಿಕೊಂಡವರಲ್ಲಿ ಶಿಹಾಬುದ್ದೀನ್ ನುವೈರಿ ಒಬ್ಬರು. ನಂತರ ಸರಕಾರಿ ಕೆಲಸ ಬಿಟ್ಟು ‘ನಿಹಾಯತುಲ್ ಅರಬ್’ ಎಂಬ ಬೃಹತ್ ವಿಶ್ವಕೋಶ ಬರೆದವರು ಇವರೇ. ಆಕಾಶ, ಭೂಮಿ, ಮನುಷ್ಯ, ಪ್ರಾಣಿ, ಸಸ್ಯ, ಇತಿಹಾಸಗಳ ಕುರಿತ ಆ ಗ್ರಂಥದಲ್ಲಿ ಲೆಕ್ಕ ಬರೆಯುವ ಕಲೆಗೂ ಅವರು ವಿಸ್ತಾರವಾದ ಜಾಗ ಕೊಟ್ಟರು. ಆಸ್ಪತ್ರೆಯ ಲೆಕ್ಕ ನೋಡಿದ ಕೈಯೇ ಸಹೀಹುಲ್ ಬುಖಾರಿಯನ್ನು ಹಲವು ಬಾರಿ ಪ್ರತಿ ಮಾಡಿತು. ಒಂದು ಲೌಕಿಕ, ಇನ್ನೊಂದು ಧಾರ್ಮಿಕ ಎಂದು ಇಂದು ನಾವು ಬೇರ್ಪಡಿಸುವ ಕೆಲಸಗಳೆರಡನ್ನೂ ಒಬ್ಬನೇ ವ್ಯಕ್ತಿ ಒಂದೇ ನಿಷ್ಠೆಯಿಂದ ಮಾಡಿದರು.

ನಮ್ಮ ನಾಡಿನಲ್ಲಿಯೂ ಇದರ ಕುರುಹು ಇದೆ. 1436ರಿಂದ 1458ರ ವರೆಗೆ ಬೀದರ್‌ನಿಂದ ಆಳಿದ ಬಹಮನಿ ಸುಲ್ತಾನ ಅಲಾವುದ್ದೀನ್ ಅಹ್ಮದ್ ಅಲ್ಲಿ ದಾರುಶ್ಶಿಫಾ ಒಂದನ್ನು ಕಟ್ಟಿಸಿದನು. ರೋಗಿಗಳ ಔಷಧ ಮತ್ತು ಆಹಾರಕ್ಕೆಂದು ಕೆಲವು ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟನು. ಮುಸ್ಲಿಮ್ ಮತ್ತು ಹಿಂದೂ ವೈದ್ಯರಿಬ್ಬರನ್ನೂ ನೇಮಿಸಿದನು ಎಂದು ಫಿರಿಶ್ತಾ ತಮ್ಮ ಇತಿಹಾಸದಲ್ಲಿ ದಾಖಲಿಸಿದ್ದಾರೆ. ಕಟ್ಟಡಕ್ಕಿಂತ ಹೆಚ್ಚಾಗಿ ಅದರ ನಿರಂತರ ಖರ್ಚಿನ ಮೂಲವನ್ನು ಯೋಚಿಸಿದ್ದು ಇಲ್ಲಿ ಗಮನಾರ್ಹ.

ಕುಸಿತ ಮತ್ತು ಪಾಠ

ಇಷ್ಟೆಲ್ಲ ಇದ್ದರೂ ಈ ಆಸ್ಪತ್ರೆಗಳು ಏಕೆ ಉಳಿಯಲಿಲ್ಲ? ಯುದ್ಧಗಳು, ಪ್ಲೇಗಿನಂತಹ ಪಿಡುಗುಗಳು, ರಾಜಕೀಯ ಬದಲಾವಣೆಗಳು ಕಾರಣವಾದವು ನಿಜ. ಆದರೆ ಒಳಗಿನ ಕಾರಣಗಳೂ ಇದ್ದವು. ವಕ್ಫ್ ಆಸ್ತಿಗಳನ್ನು ಅತ್ಯಲ್ಪ ಬಾಡಿಗೆಗೆ ದೀರ್ಘಕಾಲ ಕೊಡುವುದು, ವಿನಿಮಯದ ಹೆಸರಿನಲ್ಲಿ ಒಳ್ಳೆಯ ಆಸ್ತಿಯನ್ನು ಕಳೆದುಕೊಳ್ಳುವುದು, ಮೇಲ್ವಿಚಾರಣೆಯ ಹುದ್ದೆ ಪ್ರಭಾವಿಗಳ ಗಳಿಕೆಯ ದಾರಿಯಾಗುವುದು, ದುರಸ್ತಿಗೆ ಹಣ ಮೀಸಲಿಡದಿರುವುದು, ಇವೆಲ್ಲ ಅನೇಕ ವಕ್ಫ್‌ಗಳನ್ನು ಒಳಗಿನಿಂದಲೇ ಟೊಳ್ಳು ಮಾಡಿದವು. ವಕ್ಫ್‌ನ ಆದಾಯದಿಂದ ಮೊದಲು ಅದರ ದುರಸ್ತಿ, ನಂತರ ಉಳಿದ ಖರ್ಚು ಎಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದರು. ಆ ಮಾತು ಗ್ರಂಥಗಳಲ್ಲಿ ಉಳಿಯಿತು, ಗೋಡೆಗಳು ಬಿದ್ದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರೆಂಚರು ಕೈರೋ ತಲುಪಿದಾಗ ಮನ್ಸೂರೀ ಆಸ್ಪತ್ರೆ ತನ್ನ ಹಿಂದಿನ ವೈಭವದ ನೆರಳಾಗಿ ಉಳಿದಿತ್ತು.

ಹಾಗಾದರೆ ನಾವು ಕಲಿಯಬೇಕಾದದ್ದೇನು?

ಮೊದಲನೆಯದಾಗಿ, ಕೊಟ್ಟ ಹಣವೆಲ್ಲ ನೇರವಾಗಿ ರೋಗಿಗೇ ಹೋಗಬೇಕು, ಲೆಕ್ಕ ಬರೆಯುವವನಿಗೆ ಸಂಬಳ ಏಕೆ ಎಂದು ಕೇಳುವ ದಾನಿಗಳು ನಮ್ಮಲ್ಲಿ ಅನೇಕರಿದ್ದಾರೆ. ಅವರ ಕಾಳಜಿ ಒಳ್ಳೆಯದೇ. ಆದರೆ ಔಷಧ ಖರೀದಿಗೆ ಮೂರು ಕಡೆಯಿಂದ ಕೊಟೇಶನ್ ತರುವವನು, ಬಂದ ಔಷಧವನ್ನು ಎಣಿಸಿ ಸ್ಟಾಕ್ ಪುಸ್ತಕದಲ್ಲಿ ಬರೆಯುವವನು, ಅವಧಿ ಮುಗಿಯುವ ಔಷಧವನ್ನು ಮೊದಲೇ ಗುರುತಿಸುವವನು, ನರ್ಸ್ ಮತ್ತು ಚಾಲಕರ ವೇತನವನ್ನು ತಿಂಗಳ ಮೊದಲ ದಿನವೇ ಕೊಡುವವನು ಇಲ್ಲದಿದ್ದರೆ, ಉಳಿತಾಯವಾದ ಅವನ ಸಂಬಳಕ್ಕಿಂತ ಹೆಚ್ಚಿನ ನಷ್ಟವನ್ನು ರೋಗಿಯೇ ಭರಿಸಬೇಕಾಗುತ್ತದೆ. ಅಂತಹವನ ಸಂಬಳಕ್ಕೆ ಯಾವ ನಿಧಿಯಿಂದ ಹಣ ಕೊಡಬಹುದೆಂಬುದನ್ನು ಉಲಮಾಗಳಲ್ಲಿ ವಿಚಾರಿಸಿ, ಅದಕ್ಕೆಂದೇ ಪ್ರತ್ಯೇಕ ದೇಣಿಗೆ ಕೂಡಿಸುವುದು ಉತ್ತಮ.

ಎರಡನೆಯದಾಗಿ, ಝಕಾತ್, ಸದಕ, ವಕ್ಫ್ ಆದಾಯ ಇವುಗಳನ್ನು ಒಂದೇ ಚೀಲದಲ್ಲಿ ಬೆರೆಸಬಾರದು. ಝಕಾತ್‌ಗೆ ಅರ್ಹರು ನಿಶ್ಚಿತರು. ವಕ್ಫ್ ಮಾಡಿದವನ ಷರತ್ತನ್ನು ಧರ್ಮಶಾಸ್ತ್ರದ ವಚನದಂತೆಯೇ ಗೌರವಿಸಬೇಕೆಂದು ಫಕೀಹರು ಹೇಳಿದ್ದಾರೆ. ಡಯಾಲಿಸಿಸ್‌ಗೆಂದು ಕೊಟ್ಟ ಹಣ ಕಟ್ಟಡದ ಬಣ್ಣಕ್ಕೆ ಹೋದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅದು ಅಮಾನತ್‌ನ ಉಲ್ಲಂಘನೆ. ಪ್ರತಿ ನಿಧಿಗೂ ಪ್ರತ್ಯೇಕ ಖಾತೆ, ಪ್ರತಿ ಖರ್ಚಿಗೂ ವೋಚರ್, ಪ್ರತಿ ತಿಂಗಳೂ ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವುದು ಈ ಅಮಾನತ್ ಕಾಯುವ ಸಾಧನಗಳು.

ಮೂರನೆಯದಾಗಿ, ಲೆಕ್ಕ ಕೇಳುವುದನ್ನು ಸಂಶಯವೆಂದು ಭಾವಿಸಬಾರದು. ಪ್ರವಾದಿಯವರು(ಸ) ತಾವೇ ನೇಮಿಸಿದ ವ್ಯಕ್ತಿಯಿಂದ ಲೆಕ್ಕ ಕೇಳಿದರು. ನಮ್ಮ ದೇಶದ 1995ರ ವಕ್ಫ್ ಕಾಯ್ದೆಯೂ ಮುತವಲ್ಲಿಗಳು ಬಜೆಟ್ ಮತ್ತು ವಾರ್ಷಿಕ ಲೆಕ್ಕಪತ್ರವನ್ನು ಮಂಡಳಿಗೆ ಸಲ್ಲಿಸಬೇಕೆಂದು ವಿಧಿಸಿದೆ. ಅಧ್ಯಕ್ಷರು ಹಿರಿಯರು, ನಂಬಿಕಸ್ಥರು ಎಂಬ ಕಾರಣಕ್ಕೆ ಲೆಕ್ಕ ಬಿಟ್ಟುಕೊಡುವುದು ಅವರಿಗೆ ಮಾಡುವ ಗೌರವವಲ್ಲ. ಸರಿಯಾದ ಲೆಕ್ಕವೇ ನಾಳೆ ಅವರ ಮಾನವನ್ನು ಕಾಪಾಡುವುದು.

ಕೊನೆಯದಾಗಿ ನಮ್ಮ ಯುವಕ ಯುವತಿಯರಿಗೆ ಒಂದು ಮಾತು. ಸೇವೆ ಮಾಡಬೇಕೆಂದರೆ ವೈದ್ಯರೇ ಆಗಬೇಕೆಂದಿಲ್ಲ. ವಾಣಿಜ್ಯ ಓದಿದವರು, ಲೆಕ್ಕಪತ್ರ ಬಲ್ಲವರು, ಕಚೇರಿ ಕೆಲಸದಲ್ಲಿ ನುರಿತವರು ವಾರದಲ್ಲಿ ಕೆಲವು ಗಂಟೆಗಳನ್ನು ತಮ್ಮ ಊರಿನ ವೈದ್ಯಕೀಯ ನೆರವಿನ ಸಮಿತಿಗೆ ಕೊಟ್ಟರೆ ಅದು ರೋಗಿಯ ಹಣೆಯ ಮೇಲೆ ಇಟ್ಟ ಒದ್ದೆ ಬಟ್ಟೆಯಷ್ಟೇ ಪುಣ್ಯದ ಕೆಲಸ. ಮುಖರ್ರಿಮ್‌ನ ಆ ರೋಗಿಗಳಿಗೆ ಹೊದಿಕೆ ತಲುಪಬೇಕಾದರೆ ಒಂದು ಪತ್ರ, ಒಂದು ಆದೇಶ, ಒಬ್ಬ ಹಣ ಬಿಡುಗಡೆ ಮಾಡುವವನು ಬೇಕಾಗಿದ್ದರು. ನಮ್ಮ ಊರಿನ ರೋಗಿಗಳಿಗೂ ಅಷ್ಟೇ ಬೇಕು.

ನಮ್ಮ ಸಂಪತ್ತನ್ನು ಎಲ್ಲಿಂದ ಗಳಿಸಿದೆವು, ಎಲ್ಲಿ ಖರ್ಚು ಮಾಡಿದೆವು ಎಂದು ಪ್ರಶ್ನಿಸಲಾಗುವ ದಿನದಂದು ಬಲಗೈಯಲ್ಲಿ ಲೆಕ್ಕದ ಪುಸ್ತಕ ಪಡೆಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ರೋಗಿಗಳಿಗಾಗಿ ಕೊಡುವವರ ದಾನವನ್ನೂ, ಅದನ್ನು ಕಾಪಾಡಿ ತಲುಪಿಸುವವರ ಶ್ರಮವನ್ನೂ ಅವನು ಸ್ವೀಕರಿಸಲಿ. ಆಮೀನ್.